ತೊಂಬತ್ತರಿಂದ ಎಪ್ಪತ್ತಕ್ಕೆ ಇಳಿದ ಅವ್ವ

ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಸೊಸೆ ಔಷಧಿ ಬಿಟ್ಟಳು. ಹನಿ ಗಂಟಲಿಗಿಳಿದು ಕಹಿಯಾಯಿತು. ಆ ಕಹಿಯ ಜೊತೆಗೇ ಕೂಡ್ಲಿಗಿಯ ನಮ್ಮ ಓಣಿ ನೆನಪಾಯಿತು, ಪಕ್ಕದ ಮನೆಯ ಅವ್ವ ನೆನಪಾದಳು...

ತೊಂಬತ್ತರ ದಶಕದ ಮೊದಲ ವರ್ಷಗಳು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೊಂಟದ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದ ಮಗಳನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಮಗಳ ಬೆನ್ನಿನ ಹುಣ್ಣು ತೊಳೆಯುವಾಗ ಕೀವು ಯಾವುದು, ಹೊಸ ಚರ್ಮ ಯಾವುದು ಎಂದು ಕಾಣದೆ ಗೋಡೆಯಾಚೆಯಿಂದ ನನ್ನನ್ನು ಕೂಗುವಳು: "ಬಾರವ್ವ, ಒಂದೀಟು ನೋಡಿ ಹೇಳು."

ಒಂದು ವರ್ಷ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಕೈಹಿಡಿದು ನಾನೇ ಕರೆದೊಯ್ದೆ. ನಮ್ಮ ಓಣಿಯ ಹಿರಿಯರು ವಯಸ್ಸನ್ನು ಏರಿಸಿಯೇ ಹೇಳುತ್ತಿದ್ದರು; ಹೆಚ್ಚು ವಯಸ್ಸಾದವರಿಗೆ ಮದುವೆಯಲ್ಲಿ ಮೊದಲ ಅಕ್ಕಿಕಾಳು ಹಾಕಿ ಹರಸುವ ಮರ್ಯಾದೆ. ಡಾಕ್ಟರು ಕೇಳಿದಾಗ ಅವ್ವ ಸೆರಗು ಸರಿಪಡಿಸಿಕೊಂಡು, "ತೊಂಬತ್ತು ದಾಟ್ಯಾವ್ರಿ" ಎಂದಳು.

ಡಾಕ್ಟರು ಚಿಕ್ಕವರು, ಮೃದು ಮಾತಿನವರು. ತಂದ ಲೆನ್ಸು ಕಡಿಮೆ, ಈ ಸಲ ದುಡಿಯುವ ವಯಸ್ಸಿನವರಿಗೆ ಮೊದಲು, ಅವ್ವನದು ಮುಂದಿನ ವರ್ಷ ನೋಡೋಣ ಎಂದರು. ಅವ್ವ ಗಾಬರಿಯಾಗಿ ಎಪ್ಪತ್ತಕ್ಕೆ ಇಳಿದಳು. ಹಿಂದೆ ನಿಂತಿದ್ದ ಗುಡೇಕೋಟೆ ಕಡೆಯ ಕುರಿ ಕಾಯುವವ, "ಇನ್ನೊಂದೀಟು ತಡದ್ರ ಯಮ್ಮ ತೊಟ್ಲಾಗ ಮಲಗ್ತಾಳ" ಎಂದ. ಸಾಲೆಲ್ಲ ನಕ್ಕಿತು. ಅವ್ವನೂ ನಕ್ಕಳು.

ನಾನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಮಗಳ ವಿಷಯ ಹೇಳಿದೆ. ಡಾಕ್ಟರು ತಲೆ ತಗ್ಗಿಸಿ ಕೇಳಿಸಿಕೊಂಡರು. ಎಪ್ಪತ್ತಾದರೂ ಸರದಿ ಅದೇ ಎಂದರು.

ಅವ್ವ ಮೊಣಕಾಲು ಹಿಡಿದು ಎದ್ದಳು. "ದುಡಿಯೋರಿಗಿ ಮೊದ್ಲು ಅಂದ್ರಿ. ನಾ ಮನ್ಯಾಗ ಮಾಡೋದು ದುಡಿಮಿ ಅಲ್ಲೇನ್ರಿ?"

ಡಾಕ್ಟರು ಮುಂದಿನವರ ಚೀಟಿ ಕೈಗೆತ್ತಿಕೊಂಡರು. ಚೇಷ್ಟೆ ಮಾಡಿದ್ದ ಕುರಿಯವ ನೆಲ ನೋಡಿದ. ಅವ್ವ ತಡವಿ ಅವನ ಭುಜ ಮುಟ್ಟಿ, "ಹೋಗಪ್ಪಾ, ನಿನ್ನ ಕುರಿ ಕಾಯಾಕತ್ತಾವ" ಎಂದು ದಾರಿ ಬಿಟ್ಟಳು.

ಮರುವರ್ಷ ಶಿಬಿರ ಬಂದಾಗ ಅವ್ವ ಇರಲಿಲ್ಲ. ಮಗಳನ್ನು ಹರಪನಹಳ್ಳಿಯ ಸಂಬಂಧಿಕರು ಕರೆದೊಯ್ದರು. ಆಮೇಲೆ ಸುದ್ದಿ ಸಿಗಲಿಲ್ಲ...

ಆ ಡಾಕ್ಟರನ್ನು ನಾನು ಬೈಯಲಾರೆ. ಲೆನ್ಸು ನಿಜವಾಗಿಯೂ ಕಡಿಮೆಯಿತ್ತು. ಕುರಿ ಕಾಯುವವನಿಗೂ ಕಣ್ಣು ಬೇಕಿತ್ತು. ಈಗ ನನಗೂ ಅರವತ್ತು ದಾಟಿದೆ. ಆಸ್ಪತ್ರೆಯಲ್ಲಿ ವಯಸ್ಸು ಬರೆದುಕೊಂಡರು, ಅಷ್ಟೆ. ನೋಟ ಬಂದರೆ ಏನು ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಅವ್ವನಿಗಿದ್ದಂಥ ಉತ್ತರ ನನ್ನ ಬಳಿ ಇರುತ್ತಿರಲಿಲ್ಲ.