ಕರೆಂಟ್ ಇಡಿಸಿಕೊಳ್ಳುವ ಮಂಗಳವಾರ

ಅರ್ಥಶಾಸ್ತ್ರದ ಪದವಿಗೆ ಯಾವ ಯಾವ ಪೇಪರ್ ತೆಗೆದುಕೊಳ್ಳಬೇಕು ಅನ್ನುವುದನ್ನು ಬೇರೆಯವರು ಮುಂದೇನು ಓದಬೇಕು, ಯಾವ ಕೆಲಸ ಹಿಡಿಯಬೇಕು ಅಂತ ನೋಡಿ ತೀರ್ಮಾನ ಮಾಡುತ್ತಾರೆ. ನಾನು ನನ್ನ ಬೆನ್ನುನೋವು ನೋಡಿ ತೀರ್ಮಾನ ಮಾಡಿದೆ. ಆ ಬೆನ್ನುನೋವು ನನಗೆ ಇರಲೇ ಇಲ್ಲ ಅನ್ನುವುದು ಬೇರೆ ಮಾತು.

ನಮ್ಮ ಊರು ಶ್ರೀನಿವಾಸಪುರದ ಹತ್ತಿರ. ತವರು ಮುಳಬಾಗಿಲಿನ ಕಡೆ, ತಾಯಲೂರಿನ ಪಕ್ಕ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಮಗಳನ್ನು ಹಾಸ್ಟೆಲ್ಲಿಗೆ ಸೇರಿಸಿ ಬಂದ ಮೇಲೆ ಮನೆ ಬಿಕೋ ಅನ್ನತೊಡಗಿತು. ಅವಳ ಅರ್ಥಶಾಸ್ತ್ರದ ಹಳೆಯ ಪುಸ್ತಕವನ್ನು ತಿರುವಿಹಾಕುತ್ತಾ ಕೂತವಳಿಗೆ ಮತ್ತೆ ಓದಬೇಕು ಅನ್ನಿಸಿತು. ಕೋಲಾರದಲ್ಲಿ ದೂರಶಿಕ್ಷಣದ ಕೇಂದ್ರವೊಂದಿದೆ, ಮನೆಯಲ್ಲೇ ಓದಿಕೊಂಡು ವಾರಕ್ಕೊಂದು ದಿನ ಪಾಠಕ್ಕೆ ಹೋದರೆ ಸಾಕು ಅಂತ ವಿಚಾರಿಸಿಕೊಂಡು ಬಂದದ್ದು ನನ್ನ ಗಂಡ. ಆತ ಮಾವಿನ ಮಂಡಿಯಲ್ಲಿ ಗುಮಾಸ್ತ, ಯಾರ ಜೊತೆಗೂ ಜಗಳ ಆಡುವವನಲ್ಲ. ತಾಯಿಯ ಜೊತೆಗಂತೂ ಇಲ್ಲವೇ ಇಲ್ಲ.

"ಅಮ್ಮನಿಗೆ ಏನಂತ ಹೇಳ್ತೀಯ?" ಅಂದ.

"ನೀವೇ ಹೇಳಿ."

"ನಾನ್ಯಾಕೆ? ಬೆನ್ನುನೋವು ಅನ್ನು. ಕೋಲಾರದ ಆಸ್ಪತ್ರೇಲಿ ನೋವಿಗೆ ವಾರವಾರ ಕರೆಂಟ್ ಇಡ್ತಾರಂತೆ ಅನ್ನು. ಮಂಡೀಲಿ ಒಬ್ರು ಹೋಗ್ತಾರೆ, ಹಾಗೇನೇ."

ಇಬ್ಬರೂ ನಕ್ಕೆವು. ಅವತ್ತು ಅದು ತಮಾಷೆಯಾಗಿತ್ತು. ಮೂವತ್ತೆಂಟು ವರ್ಷದ ಹೆಂಗಸು ಅತ್ತೆಯ ಮುಂದೆ ನಿಂತು ನಾನು ಕಾಲೇಜು ಓದುತ್ತೇನೆ ಅಂತ ಹೇಳುವುದಕ್ಕಿಂತ ನನಗೆ ಕಾಯಿಲೆ ಅನ್ನುವುದು ಸಲೀಸು. ಕಾಯಿಲೆ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಈ ವಯಸ್ಸಿಗೆ ಯಾಕಮ್ಮಾ ಅಂತಲೂ ಕೇಳುವುದಿಲ್ಲ.

ಅತ್ತೆ ಒಪ್ಪಿದರು. ಒಂದೇ ಷರತ್ತು, ಶನಿವಾರ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದು. ಶನಿವಾರ ಹಿಡಿದ ಔಷಧಿ ಬಿಡುವುದಿಲ್ಲ, ಕಾಯಿಲೆಯೂ ಬಿಡುವುದಿಲ್ಲ ಅನ್ನುವುದು ಅವರ ನಂಬಿಕೆ. ಸರಿ, ಮಂಗಳವಾರ ಅಂತ ಗೊತ್ತಾಯಿತು. ಅಲ್ಲಿಂದ ನನ್ನ ಪದವಿಯ ಯೋಜನೆಯೆಲ್ಲ ಮಂಗಳವಾರದ್ದೇ ಆಯಿತು. ಮಂಗಳವಾರ ಯಾವ ಪಾಠ ಇದೆಯೋ ಅದು ನನ್ನ ಇಷ್ಟದ ವಿಷಯ. ಹಣ ಮತ್ತು ಬ್ಯಾಂಕಿಂಗ್ ಮಂಗಳವಾರ, ಹಾಗಾಗಿ ಇಷ್ಟ. ಸಾರ್ವಜನಿಕ ಹಣಕಾಸು ಮಂಗಳವಾರಕ್ಕೆ ಬಂತು, ಅದೂ ಇಷ್ಟ. ಸಂಖ್ಯಾಶಾಸ್ತ್ರವೂ ಕೃಷಿ ಅರ್ಥಶಾಸ್ತ್ರವೂ ಶನಿವಾರ, ಅವೆರಡರ ಕಡೆ ಕಣ್ಣೆತ್ತಿಯೂ ನೋಡುವ ಹಾಗಿರಲಿಲ್ಲ. ನಿಜವಾಗಿ ನನಗೆ ಬೇಕಾಗಿದ್ದದ್ದು ಕೃಷಿ ಅರ್ಥಶಾಸ್ತ್ರ. ಮರದ ತುಂಬ ತೋತಾಪುರಿ ಬಿಟ್ಟ ವರ್ಷವೇ ಮಂಡಿಯಿಂದ ಬರುವ ಗಂಡನ ಮುಖ ಯಾಕೆ ಸಪ್ಪಗಿರುತ್ತದೆ ಅನ್ನುವುದನ್ನು ಪುಸ್ತಕದವರು ಏನಂತ ಬರೆದಿದ್ದಾರೋ ನೋಡಬೇಕಿತ್ತು.

ನಮಗೆ ಪಾಠ ಮಾಡುವ ಮೇಷ್ಟ್ರು ಮಾಲೂರಿನಿಂದ ಬರುತ್ತಿದ್ದರು, ನನಗಿಂತ ಚಿಕ್ಕವರು. ಮೊದಲ ವರ್ಷವೇ ನನ್ನನ್ನು ಕರೆದು, "ಸಂಖ್ಯಾಶಾಸ್ತ್ರ ಮುಂಚೆ ಮುಗಿಸ್ಕೊಳ್ಳಿ ಮೇಡಂ, ಅದರ ಮೇಲೇನೇ ಉಳಿದಿದ್ದು ನಿಲ್ಲೋದು" ಅಂದರು. ನಾನು ಏನು ಹೇಳಲಿ? ನಮ್ಮ ಅತ್ತೆ ಶನಿವಾರ ಕರೆಂಟ್ ಇಡಿಸಿಕೊಳ್ಳಬೇಡ ಅಂದಿದ್ದಾರೆ ಸಾರ್ ಅನ್ನಲೇ? "ನಂಗೆ ಲೆಕ್ಕ ಬರಲ್ಲ ಸಾರ್" ಅಂದುಬಿಟ್ಟೆ. ಆ ಪುಣ್ಯಾತ್ಮ ಮುಂದಿನ ವಾರ ಹತ್ತನೇ ತರಗತಿಯ ಗಣಿತದ ಪುಸ್ತಕ ತಂದು ಕೊಟ್ಟರು. ಪಾಠ ಮುಗಿದ ಮೇಲೆ ಶೇಕಡಾ ಲೆಕ್ಕ ಹೇಳಿಕೊಟ್ಟರು, ನಿಧಾನವಾಗಿ, ನನಗೆ ಅವಮಾನ ಆಗದ ಹಾಗೆ. ಶಾಲೆಯಲ್ಲಿ ಗಣಿತಕ್ಕೆ ನಾನೇ ಮೊದಲು. ಅವರು ಮಾಡುವ ಮುಂಚೆಯೇ ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಅದನ್ನು ನುಂಗಿಕೊಂಡು ಪೆನ್ನು ಕಚ್ಚುತ್ತಾ ಕೂತಿರುತ್ತಿದ್ದೆ. ದಡ್ಡಿಯಾಗಿ ನಟಿಸುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ಬೆನ್ನುನೋವು ಅಂದ ದಿನದಿಂದ ಅತ್ತೆ ನನಗೆ ಹಾಲಿನ ಕ್ಯಾನು ಮುಟ್ಟಗೊಡಲಿಲ್ಲ. ಎರಡು ಸೀಮೆಹಸು ಇವೆ ನಮ್ಮಲ್ಲಿ. ಸಗಣಿ ಬಾಚುವುದರಿಂದ ಹಿಡಿದು ಡೇರಿಗೆ ಹಾಲು ಹಾಕುವ ತನಕ ಎಲ್ಲ ಅವರೇ ಮಾಡತೊಡಗಿದರು. "ನಾನು ತಗೊಂಡು ಹೋಗ್ತೀನಿ ಅತ್ತೆ" ಅಂದರೆ, "ಸುಮ್ನೆ ಕೂತ್ಕೊಳೇ, ಇಟ್ಟಿರೋ ಕರೆಂಟೆಲ್ಲ ದಂಡ ಆಗ್ತದೆ" ಅನ್ನುತ್ತಿದ್ದರು. ಮಾಲೂರಿಗೆ ಕೊಟ್ಟಿರುವ ನಾದಿನಿಯಿಂದ ಬೆನ್ನಿಗೆ ಕಟ್ಟಿಕೊಳ್ಳುವ ಬೆಲ್ಟು ಬಂತು. ಯಾರಾದರೂ ಮನೆಗೆ ಬಂದು ಬೆನ್ನು ಹೇಗಿದೆ ಅಂದರೆ ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು.

ಒಮ್ಮೆ ಅತ್ತೆ ಕೇಳಿದರು, ಕರೆಂಟ್ ಇಟ್ಟರೆ ಹೆಂಗಿರ್ತದೆ ಅಂತ. ನಾನೇನು ಕಂಡಿದ್ದೆ? "ಇರುವೆ ಹರಿದಂಗೆ ಇರ್ತದೆ ಅತ್ತೆ, ಆಮೇಲೆ ಬೆಚ್ಚಗಾಗ್ತದೆ" ಅಂದೆ. ಅವರು ನನ್ನ ಬೆನ್ನ ಮೇಲೆ ಕೈಯಾಡಿಸಿ ಪಾಪ ಅಂದರು. ಆ ಕೈ ಒರಟು, ಸಗಣಿ ನೀರಿನಲ್ಲಿ ಬಿರುಕು ಬಿಟ್ಟದ್ದು. ನನಗೆ ಎದ್ದು ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಆದರೆ ನನ್ನ ಮಾನ ಪೂರ್ತಿ ಕಳೆದದ್ದು ಮಾವಿನ ಹಂಗಾಮಿನಲ್ಲಿ. ಎರಡನೆಯ ವರ್ಷದ ಪರೀಕ್ಷೆ ಮುಗಿದಿತ್ತು, ನನ್ನ ಬೆನ್ನು ಮಾತ್ರ ವಾಸಿಯಾಗಿರಲಿಲ್ಲ. ಆಗುವ ಹಾಗೂ ಇರಲಿಲ್ಲ, ಇನ್ನೂ ಒಂದು ವರ್ಷದ ಪಾಠ ಬಾಕಿ ಇತ್ತಲ್ಲ. ಗಂಡ ಮಂಡಿಯಿಂದ ಮೊದಲ ರಸಪುರಿ ತಂದ ಸಂಜೆ ಬುಟ್ಟಿ ಬಿಚ್ಚಿದರೆ ಮನೆಯೆಲ್ಲ ಘಮಘಮ. ನಮ್ಮ ಅತ್ತೆಗೆ ರಸಪುರಿ ಅಂದರೆ ಪ್ರಾಣ. ತೊಟ್ಟು ಕಿತ್ತು ಹಿಸುಕಿ ಹಿಸುಕಿ ಓಟೆ ಬೆಳ್ಳಗಾಗುವ ತನಕ ಚೀಪುವವರು. ಅವತ್ತು ಅವರು ಬುಟ್ಟಿಯ ಹತ್ತಿರವೇ ಬರಲಿಲ್ಲ.

"ಯಾಕಮ್ಮಾ?" ಅಂದ ಮಗ.

"ಕುರುಡುಮಲೆ ಗಣಪ್ಪಂಗೆ ಹೇಳ್ಕೊಂಡಿದೀನಿ ಕಣೋ. ಇವಳ ಬೆನ್ನು ವಾಸಿ ಆಗೋ ತಂಕ ಮಾವು ಮುಟ್ಟಲ್ಲ ಅಂತ. ಹಣ್ಣೂ ಇಲ್ಲ, ಕಾಯೀನೂ ಇಲ್ಲ."

ನಮ್ಮ ಕಡೆ ಹೀಗೆ ಇಷ್ಟವಾದದ್ದನ್ನು ಬಿಟ್ಟು ಹರಕೆ ಹೊರುವುದುಂಟು. ಕಾಫಿ ಬಿಟ್ಟವರನ್ನು ಕಂಡಿದ್ದೆ, ಎಲೆ ಅಡಿಕೆ ಬಿಟ್ಟವರನ್ನು ಕಂಡಿದ್ದೆ. ಆದರೆ ಶ್ರೀನಿವಾಸಪುರದಲ್ಲಿದ್ದುಕೊಂಡು, ಮಗನನ್ನು ಮಂಡಿಗೆ ಕಳಿಸಿಕೊಂಡು, ಮಾವು ಬಿಟ್ಟವರನ್ನು ನಾನು ನೋಡಿರಲಿಲ್ಲ. ಗಂಡ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಆಮೇಲೆ ಒಳಗೆ ಹೋಗಿ, "ಹೇಳಿಬಿಡೋಣ" ಅಂದೆ. "ಹೇಳು" ಅಂದ. "ನೀವು ಬನ್ನಿ" ಅಂದೆ. ಆತ ಟವೆಲು ಹುಡುಕಿಕೊಂಡು ಬಚ್ಚಲಿಗೆ ಹೋದ. ಹಾಗಂತ ಆತನನ್ನು ಬೈದು ನಾನು ಜಾರಿಕೊಳ್ಳುವಂತಿಲ್ಲ. ಅತ್ತೆ ಹಜಾರದಲ್ಲೇ ಕೂತಿದ್ದರು, ಎರಡು ಹೆಜ್ಜೆ ಇಟ್ಟರೆ ಸಾಕಿತ್ತು, ನಾನು ಇಡಲಿಲ್ಲ.

ರಸಪುರಿ ಹೋಗಿ ಬೇನಿಷಾ ಬಂತು, ಮಲಗೋವ ಬಂತು. ಅತ್ತೆ ಬಂದವರಿಗೆಲ್ಲ ಹೆಚ್ಚಿ ಹೆಚ್ಚಿ ಕೊಟ್ಟರು, ಬೆರಳಿಗಂಟಿದ ರಸವನ್ನೂ ನೆಕ್ಕದೆ ಸೆರಗಿಗೆ ಒರೆಸಿಕೊಂಡರು. ನನ್ನ ತಟ್ಟೆಗೆ ಬಿದ್ದ ಹಣ್ಣನ್ನು ತಿನ್ನದಿದ್ದರೆ, "ತಿನ್ನೇ, ಮೈಗೆ ಶಕ್ತಿ ಬರ್ತದೆ" ಅಂತ ಗದರುತ್ತಿದ್ದರು. ತಿಂದೆ. ನಾಚಿಕೆಗೆಟ್ಟವಳ ಹಾಗೆ ಆ ಹಂಗಾಮು ಪೂರ್ತಿ ತಿಂದೆ.

ಕೊನೆಯ ನೀಲಂ ಹಣ್ಣು ಮಂಡಿಗೆ ಬರುವ ಹೊತ್ತಿಗೆ ಮೂರನೆಯ ವರ್ಷದ ಪೇಪರ್ ಆರಿಸಿಕೊಳ್ಳುವ ಸಮಯ ಬಂತು. ಮೇಷ್ಟ್ರು ಫೋನು ಮಾಡಿ, "ಮಂಗಳವಾರ ಬಂದು ತೀರ್ಮಾನ ಹೇಳಿಬಿಡಿ. ಸಂಖ್ಯಾಶಾಸ್ತ್ರ ಈ ಸಲ ತಗೊಳ್ಳದೆ ಹೋದ್ರೆ ಅರ್ಥಶಾಸ್ತ್ರದ ಡಿಗ್ರಿ ಸಿಗಲ್ಲ, ಬರೀ ಬಿಎ ಆಗುತ್ತೆ" ಅಂದರು. ಎರಡು ವರ್ಷ ಸುಳ್ಳು ಹೇಳಿ ಓದಿದ್ದು ಬರಿಗೈಯಲ್ಲಿ ಮುಗಿಯುವುದಕ್ಕೆ ಬಂದಿತ್ತು. ಶನಿವಾರಕ್ಕೆ ಹೊಸದೊಂದು ಸುಳ್ಳು ಹುಟ್ಟಿಸಲಾದೀತೇ ಅಂತಲೂ ಯೋಚಿಸಿದೆ. ಅಷ್ಟು ಕೆಟ್ಟಿತ್ತು ನನ್ನ ಬುದ್ಧಿ.

ಆ ಮಂಗಳವಾರ ಬ್ಯಾಗು ಹಿಡಿದು ಹೊರಟರೆ ಅತ್ತೆ ಒಗೆದ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು.

"ನಾನೂ ಬರ್ತೀನಿ. ಕ್ಯಾನು ಎತ್ತಿ ಎತ್ತಿ ನಂಗೂ ನಡು ಹಿಡ್ಕೊಂಡ್ಬಿಟ್ಟಿದೆ. ನಿಮ್ಮ ಡಾಕ್ಟ್ರಿಗೆ ಹೇಳಿ ನಂಗೂ ಒಂದ್ಕಿತ ಕರೆಂಟ್ ಇಡ್ಸು."

ಇಲ್ಲದ ನನ್ನ ನೋವು ಅವರ ಬೆನ್ನಿಗೆ ಹೋಗಿ ಕೂತಿತ್ತು. ಸಿಕ್ಕಿದ ಬಸ್ಸು ಸುಗಟೂರಿನ ಮೇಲೆ ಸುತ್ತಿಕೊಂಡು ಹೋಗುವುದು. ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಕುಲುಕಿದಾಗೆಲ್ಲ ಅವರು ಹಲ್ಲು ಕಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು, ನನ್ನ ಕಡೆ ತಿರುಗಿ, "ನಿಂಗೆ ನೋಯ್ತಾ ಇದೆಯೇನೇ? ಬೆಲ್ಟ್ ಕಟ್ಕೊಂಡಿದೀಯ ತಾನೆ?" ಅಂದರು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಹೇಳಿದೆ. ಬೆನ್ನು ಚೆನ್ನಾಗಿದೆ ಅತ್ತೆ, ಮೊದಲಿಂದಲೂ ಚೆನ್ನಾಗಿದೆ, ನಾನು ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಪಾಠಕ್ಕೆ ಹೋಗುತ್ತಿದ್ದೆ, ಡಿಗ್ರಿ ಓದುತ್ತಿದ್ದೇನೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ನೋಡಲಿ ಅಂದುಕೊಂಡೆ.

ಅತ್ತೆ ಕೋಲಾರ ಬರುವ ತನಕ ಕಿಟಕಿಯ ಆಚೆ ನೋಡುತ್ತಾ ಕೂತರು. ಇಳಿದ ಮೇಲೆ ನಾನು ವಾಪಸ್ಸು ಹೋಗೋಣ ಅತ್ತೆ ಅಂದೆ. ಮನಸ್ಸು ನೊಂದಾಗ ಅವರಿಗೆ ಕನ್ನಡ ಬರುವುದಿಲ್ಲ, ತವರುಮನೆಯ ತೆಲುಗೇ ಬರುವುದು. "ಪದ" ಅಂದರು, ನಡಿ ಅಂತ. ಎಲ್ಲಿಗೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಕಾಲು ಮಂಗಳವಾರದ ಪಾಠದ ದಾರಿಯನ್ನೇ ಹಿಡಿಯಿತು, ಅವರು ನಡು ಹಿಡಿದುಕೊಂಡು ಹಿಂದೆ ಬಂದರು.

ಕೇಂದ್ರದ ಕೊನೆಯ ಬೆಂಚಿನಲ್ಲಿ ಕೂತರು. ಮೇಷ್ಟ್ರು ಅವರಿಗೆ ನಮಸ್ಕಾರ ಮಾಡಿ ನನ್ನನ್ನು ಕೇಳಿದರು, ಏನು ತೀರ್ಮಾನ ಮಾಡಿದಿರಿ ಅಂತ. ನಾನು ಬಾಯಿ ಬಿಡುವ ಮುಂಚೆ, "ಲೆಕ್ಕ ಅಂದ್ರೆ ಭಯ ಇವರಿಗೆ" ಅಂತ ಅವರೇ ನಗುತ್ತಾ ಅತ್ತೆಗೆ ಹೇಳಿದರು.

"ಇವಳಿಗಾ?" ಅಂದರು ಅತ್ತೆ. "ಡೇರಿಯವರು ಹಾಲಿನ ಡಿಗ್ರಿ, ಫ್ಯಾಟು ಅಂತ ಎಷ್ಟು ತಿರುಚಿ ದುಡ್ಡು ಕಡಿಮೆ ಮಾಡಿದ್ರೂ ಬಾಯಲ್ಲೇ ಲೆಕ್ಕ ಹಾಕಿ ಹಿಡೀತಾಳೆ ಇವಳು."

ಮೇಷ್ಟ್ರು ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದೇ ಕೋಣೆಯಲ್ಲಿ ಎರಡು ಸುಳ್ಳು ಎದುರುಬದುರು ನಿಂತಿದ್ದವು. "ಲೆಕ್ಕ ಬರುತ್ತೆ ಸಾರ್. ಶನಿವಾರ ಬರೋಕಾಗ್ತಿರ್ಲಿಲ್ಲ" ಅಂದೆ. ಅವರಿಗೆ ಆ ಹತ್ತನೇ ತರಗತಿಯ ಪುಸ್ತಕ ನೆನಪಾಗಿರಬೇಕು, ಮುಖ ಸಣ್ಣದಾಯಿತು. ಸಂಖ್ಯಾಶಾಸ್ತ್ರ ಮತ್ತು ಕೃಷಿ ಅರ್ಥಶಾಸ್ತ್ರ, ಎರಡೂ ಶನಿವಾರದ್ದು, ಅಂತ ಹೇಳಿದೆ.

ಅಲ್ಲಿಂದ ಅತ್ತೆಯನ್ನು ನಿಜವಾದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರ ಬೆನ್ನಿಗೆ ಕರೆಂಟ್ ಇಟ್ಟರು. ಹೊರಗೆ ಬಂದವರು, ಆ "ಪದ" ಬಿಟ್ಟರೆ, ಬಸ್ಸಿನಿಂದೀಚೆಗೆ ಮೊದಲ ಸಲ ನನ್ನ ಜೊತೆ ಮಾತಾಡಿದರು. "ನೀನು ಹೇಳಿದ್ದು ಸರಿಯಾಗೇ ಇತ್ತು ಕಣೇ. ಇರುವೆ ಹರಿದಂಗೇ ಇರ್ತದೆ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶ್ರೀನಿವಾಸಪುರದಲ್ಲಿ ಇಳಿದು ನೀಲಂ ಹಣ್ಣು ಕೊಂಡೆ. ಹಂಗಾಮಿನ ಕೊನೆಯವು, ಸಣ್ಣವು. ಮನೆಗೆ ಬಂದು ಹೆಚ್ಚಿ ತಟ್ಟೆಯಲ್ಲಿಟ್ಟು ಅವರ ಮುಂದೆ ಕೂತೆ. "ನಂಗೆ ಏನೂ ಆಗಿಲ್ಲ ಅತ್ತೆ, ಹರಕೆ ತೀರಿತಲ್ಲ. ತಿನ್ನಿ" ಅಂದೆ.

"ಇಲ್ಲದ ಕಾಯಿಲೆ ವಾಸಿ ಆಯ್ತು ಅಂತ ಗಣಪ್ಪಂಗೆ ಹೆಂಗೆ ಹೇಳ್ಲಿ?" ಅಂದರು. ತಟ್ಟೆಯನ್ನು ನನ್ನ ಕಡೆಗೆ ನೂಕಿದರು. ಆಮೇಲೆ ಮೆಲ್ಲಗೆ ಹೇಳಿದರು. "ಬಸ್ಸಲ್ಲಿ ಅದೇ ಯೋಚ್ನೆ ಮಾಡ್ತಾ ಕೂತಿದ್ದೆ. ನೀನು ನನ್ನ ಬಂದು ಕೇಳಿದ್ದಿದ್ರೆ ಬೇಡ ಅಂತಲೇ ಅಂತಿದ್ದೆ. ಕಾಯಿಲೆ ಅಂದಿದ್ದಕ್ಕೆ ಮಾವು ಬಿಟ್ಟೆ. ಓದು ಅಂದಿದ್ರೆ ಒಂದು ಮಂಗಳವಾರಾನೂ ಬಿಡ್ತಿರ್ಲಿಲ್ಲ. ನಿಂಗೆ ಅದು ಗೊತ್ತಿತ್ತು. ನಂಗೆ ಇವತ್ತು ಗೊತ್ತಾಯ್ತು. ನೀನು ಪಾಸಾಗು, ಆಮೇಲೆ ತಿಂತೀನಿ. ಆ ಹರಕೆ ನಿನ್ನ ಬೆನ್ನಿಗೆ, ಈ ಹರಕೆ ನನ್ನ ತಪ್ಪಿಗೆ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಈಗ ಬೆಳಿಗ್ಗೆ ಹಾಲು ನಾನೇ ಹಾಕಿ ಬರುತ್ತೇನೆ. ಶನಿವಾರ ನಾನು ಬಸ್ಸಿಗೆ ಹೊರಟರೆ, "ಹೋಗು ಹೋಗು, ಆಸ್ಪತ್ರೆಗಲ್ವಲ್ಲ" ಅಂತ ಬಾಗಿಲಿನಿಂದಲೇ ಹೇಳುತ್ತಾರೆ. ಹೊಸ ಹಂಗಾಮು ಶುರುವಾಗಿದೆ. ನಿನ್ನೆ ಗಂಡ ರಸಪುರಿಯ ಬುಟ್ಟಿ ತಂದು ನಡುಮನೆಯಲ್ಲಿಟ್ಟ. ಈ ಸಲ ಪರೀಕ್ಷೆ ತಡ, ಅದಕ್ಕೆ ಇನ್ನೂ ಸಮಯವಿದೆ, ಫಲಿತಾಂಶ ಬರುವ ಹೊತ್ತಿಗೆ ನೀಲಂ ಕೂಡ ಮುಗಿದಿರುತ್ತದೆ. ಅತ್ತೆ ಆ ಬುಟ್ಟಿಯನ್ನು ದಾಟಿಕೊಂಡು ಬಂದು ನನ್ನ ಪಕ್ಕ ಟೀ ಲೋಟ ಇಟ್ಟು ಹೋದರು. ನಾನು ಸಂಖ್ಯಾಶಾಸ್ತ್ರದ ಮಾನಕ ವಿಚಲನೆಯ ಲೆಕ್ಕ ಮಾಡುತ್ತಿದ್ದೆ. ತಲೆ ಎತ್ತಿ ಅವರ ಮುಖ ನೋಡಲು ಆಗಲಿಲ್ಲ.