ತಲಕಾಡಿನ ಬುಕಿಂಗ್ ನಂಜನಗೂಡಿಗೆ ಹೋದ ದಿನ

ಇವತ್ತು ಬೆಳಿಗ್ಗೆ ನಮ್ಮ ಕಚೇರಿಯ ಮೂಲೆ ಕೋಣೆಯ ಬಾಗಿಲು ತೆರೆದಾಗ ಬಿಸಿ ಧೂಳಿನ ವಾಸನೆ ಬಂತು. ಹಳೆಯ ನೆಟ್‌ವರ್ಕ್ ಪೆಟ್ಟಿಗೆಯನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದರು. ಅದರ ಜಾಗಕ್ಕೆ ಹೊಸದು ಬಂದಿದೆ. ಒಳಗೊಂದು ಫ್ಯಾನು, ಹಿಂದೆ ಹತ್ತಾರು ವೈರು. ನಿಮಗೆ ಅದನ್ನು ನೋಡಿ ಏನೂ ಅನ್ನಿಸಲಾರದು. ನನಗೆ ಮಾತ್ರ ಮಹದೇವಣ್ಣನ ನೆನಪಾಯಿತು, ಜೊತೆಗೆ ನನ್ನದೊಂದು ತಪ್ಪಿನದೂ.

ನಾನಿರುವುದು ನಂಜನಗೂಡಿನ ಒಂದು ರೈತರ ಸಂಘದಲ್ಲಿ. ಭತ್ತ ಕೊಯ್ಯುವ ಯಂತ್ರಗಳನ್ನು ಬಾಡಿಗೆಗೆ ಕಳಿಸುವುದು ಸಂಘದ ಮುಖ್ಯ ಕೆಲಸ. ಯಂತ್ರ ನಿಲ್ಲಿಸುವ ಶೆಡ್ಡುಗಳು ಎರಡು: ಇಲ್ಲೊಂದು, ತಿ. ನರಸೀಪುರದಲ್ಲೊಂದು. ತಲಕಾಡಿನ ಕಡೆಯ ಗದ್ದೆಗಳು ನರಸೀಪುರದ ಪಾಲು. ನಾನು ಸೇರಿದಾಗ ಎಲ್ಲವನ್ನೂ ಒಂದೇ ದೊಡ್ಡ ಸಾಫ್ಟ್‌ವೇರ್ ಮಾಡುತ್ತಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದನ್ನು ಸಣ್ಣ ಸಣ್ಣ ಸೇವೆಗಳಾಗಿ ಒಡೆದದ್ದು ನಾನು. ಸದಸ್ಯರ ವಿವರ ಹೇಳುವುದು ಒಂದರ ಕೆಲಸ, ಬುಕಿಂಗ್ ತೆಗೆದುಕೊಳ್ಳುವುದು ಇನ್ನೊಂದರದು, ಶೆಡ್ಡಿನ ಪಟ್ಟಿ ಬರೆಯುವುದು ಮತ್ತೊಂದರದು. ಬೇಯಿಸುವವರು, ಬಡಿಸುವವರು, ಎಲೆ ಎತ್ತುವವರು ಬೇರೆ ಬೇರೆ ಇರುವ ಮದುವೆ ಮನೆಯ ಹಾಗೆ. ಆ ಕೆಲಸದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಹೆಮ್ಮೆಯಿತ್ತು.

ಈ ಸೇವೆಗಳು ಒಂದರೊಡನೊಂದು ಆಡುವ ಮಾತು ಹಾದುಹೋಗುತ್ತಿದ್ದದ್ದು ಆ ಪೆಟ್ಟಿಗೆಯ ಮೂಲಕ. ಅದನ್ನು ನೋಡಿಕೊಳ್ಳುತ್ತಿದ್ದವರು ತಗಡೂರಿನ ಮಹದೇವಣ್ಣ. ಟೆಲಿಫೋನ್ ಕಂಬ ಹತ್ತುವ ಕೆಲಸದಿಂದ ಶುರುಮಾಡಿ ನೆಟ್‌ವರ್ಕ್ ಕಲಿತವರು. ಸೇವೆಗಳು ನನ್ನವು, ನೆಟ್‌ವರ್ಕ್ ಅವರದು ಎಂಬುದು ನಮ್ಮಿಬ್ಬರ ಒಪ್ಪಂದ.

“ನಿನ್ನ ಸೇವೆಗಳು ಏನ್ ಮಾತಾಡ್ಕತವೆ ಅಂತ ಈ ಪೆಟ್ಗೆಗೂ ಗೊತ್ತಾಯ್ತದೆ ಕಣಮ್ಮ,” ಎಂದು ಒಮ್ಮೆ ಹೇಳಿದ್ದರು.

“ಪೆಟ್ಟಿಗೆ ಕೆಲ್ಸ ಹೊತ್ಕೊಂಡು ಹೋಗೋದು ಅಷ್ಟೇ ಅಲ್ವಾ ಅಣ್ಣ?” ಎಂದೆ.

“ಓದ್ಕೊಂಡಿರೋರು, ನೀವು ಹೇಳುದ್ಮೇಲೆ ಮುಗೀತು,” ಎಂದು ನಕ್ಕು ಸ್ಕ್ರೂ ಡ್ರೈವರನ್ನು ಜೇಬಿಗಿಟ್ಟುಕೊಂಡರು. ಅದನ್ನು ಹೊಗಳಿಕೆ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ನನಗೆ ಡೈರಿಯ ಹುಚ್ಚು. ಆ ದಿನದ ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದರಿಂದ ಹಿಡಿದು ಎಷ್ಟು ಬುಕಿಂಗ್ ಬಂದವು, ಎಷ್ಟು ನನ್ನ ಸೇವೆಯಿಂದ ಪೆಟ್ಟಿಗೆಗೆ ದಾಟಿದವು, ಎಷ್ಟು ತಪ್ಪಿದವು ಎನ್ನುವವರೆಗೆ ಎಲ್ಲ ಬರೆಯುತ್ತೇನೆ. ನಾನು ತಪ್ಪಿದ ಸುಗ್ಗಿಯ ಒಂದು ಬುಧವಾರದ ಪುಟದಲ್ಲಿ ಹೀಗಿದೆ: ಬಂದದ್ದು ಇಪ್ಪತ್ಮೂರು, ದಾಟಿದ್ದು ಇಪ್ಪತ್ಮೂರು, ತಪ್ಪಿದ್ದು ಇಲ್ಲ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ತಲಕಾಡಿನ ಪಕ್ಕದ ಹಳ್ಳಿಯಿಂದ ಜಯಮ್ಮ ಎಂಬ ರೈತ ಹೆಂಗಸು ಫೋನ್ ಮಾಡಿದರು. ಬುಕಿಂಗ್ ಆಗಿದೆ ಎಂಬ ಮೆಸೇಜು ಅವರ ಮೊಬೈಲಿಗೆ ಹೋಗಿತ್ತು.

“ಅವ್ವಾ, ಆರು ಗಂಟೆಗೆ ಅಂದಿದ್ರಿ, ಮಿಷನ್ ಬರ್ನೇ ಇಲ್ಲ. ಗದ್ದೆ ಒಳೆ ಪಕ್ಕದಲ್ಲದೆ. ಮೋಡ ಕಟ್ಕೊಂಡದೆ. ಮಳೆ ಬಿದ್ರೆ ಭತ್ತ ಮನಿಕ್ಕತ್ತದೆ, ಆಮೇಲೆ ಮಿಷನ್ ಇಳ್ಯಾಕಿಲ್ಲ.”

ಡೈರಿ ನೋಡಿದೆ. “ನಮ್ಮ ಕಡೆಯಿಂದ ಹೋಗಿದೆಯಮ್ಮ,” ಎಂದೆ.

“ನಿಮ್ಮ ಕಡೆಯಿಂದ ವೋದ್ರೆ ಸಾಕಾ? ನನ್ನ ಗದ್ದೆಗೆ ಬರ್ಬೇಡ್ವಾ?”

ನಾನು ಮಾಡಿದ ಮೊದಲ ಕೆಲಸ ವ್ಯವಸ್ಥಾಪಕರಿಗೆ ಮೇಲ್ ಬರೆದದ್ದು: ಸೇವೆಗಳು ಸರಿ ಇವೆ, ನೆಟ್‌ವರ್ಕಿನ ದೋಷ. ಲೆಕ್ಕವನ್ನೂ ಲಗತ್ತಿಸಿ ಕಳಿಸುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಅದರ ಪ್ರತಿ ಮಹದೇವಣ್ಣನಿಗೂ ಹೋಗಿತ್ತು; ಅವರು ಓದಿದರು. ನರಸೀಪುರದ ಶೆಡ್ಡಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅಲ್ಲಿನ ಡ್ರೈವರ್ ನಾಗರಾಜು, “ಬೆಳಗ್ಗೆಯಿಂದ ಮಿಷನ್ ತೊಳ್ಕಂಡು ಕೂತಿವ್ನಿ ಅಣ್ಣ. ಪಟ್ಟಿ ಖಾಲಿ ಬಂದದೆ. ಯಾರೂ ಭತ್ತ ಬೆಳ್ದೇ ಇಲ್ವಾ ಈ ಸಲ?” ಎಂದ.

“ಬೆಳ್ದವ್ರೆ ಕಣ್ಲಾ. ಜಯಮ್ಮನ ನಂಬರ್ ಕೊಡ್ತೀನಿ, ಮೊದ್ಲು ಓಡು.”

ಆಮೇಲೆ ನಂಜನಗೂಡಿನ ಶೆಡ್ಡು. ಅಲ್ಲಿ ಪಟ್ಟಿ ನೋಡುವ ಬಸವರಾಜು ಹೇಳಿದ್ದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು. “ತಲಕಾಡು ಕಡೆಯವು ನಮ್ಮ ಪಟ್ಟೀಲೇ ಅವೆ ಸಾ. ಮೇಡಮ್ಮೇ ಹೇಳಿದ್ರಲ್ಲ, ತಲಕಾಡು ಅಂತ ಬಂದ್ರೆ ಅದು ಪರೀಕ್ಷೆಗೆ ಹಾಕಿರೋದು, ಬುಟ್ಬುಡಿ ಅಂತ. ಬುಟ್ಟಿವ್ನಿ.”

ಹೌದು, ಹೇಳಿದ್ದೆ. ಹೊಸದೇನಾದರೂ ಮಾಡಿದಾಗ ಪರೀಕ್ಷೆಗೆಂದು ತಲಕಾಡಿನಲ್ಲಿ ಇಲ್ಲದ ರೈತರ ಹೆಸರಲ್ಲಿ ನೇರವಾಗಿ ನಂಜನಗೂಡಿನ ಪಟ್ಟಿಗೇ ಬುಕಿಂಗ್ ಹಾಕುವುದು ನನ್ನ ರೂಢಿ. ನಂಜನಗೂಡಿನ ಪಟ್ಟಿಗೆ ತಲಕಾಡು ನಿಜವಾಗಿ ಬರುವುದೇ ಇಲ್ಲವಲ್ಲ ಎಂಬ ಧೈರ್ಯ.

“ಈಗ ಹೇಳಮ್ಮ,” ಎಂದರು ಮಹದೇವಣ್ಣ. “ಹೋಬಳಿ ಯಾವ್ದು ಅಂತ ಓದು, ಆ ಶೆಡ್ಡಿಗೆ ಕಳ್ಸು, ಸಿಕ್ಲಿಲ್ಲ ಅಂದ್ರೆ ನಂಜನಗೂಡಿಗೆ ಹಾಕು ಅಂತ ಪೆಟ್ಗೆಗೆ ಹೇಳ್ಕೊಟ್ಟಿದ್ದೆ. ಹೋಬಳಿ ಎಲ್ಲೋಯ್ತು?”

ಮಂಗಳವಾರ ನಾನೇ ತೆಗೆದಿದ್ದೆ. ಹೆಡತಲೆಯಲ್ಲಿ ಮನೆ ಇದ್ದು ಬೇರೆ ಕಡೆ ಗದ್ದೆ ಇರುವವರಿಗೆ ತೊಂದರೆಯಾಗುತ್ತದೆಂದು ‘ಹೋಬಳಿ’ ಎಂಬ ಒಂದು ಖಾನೆಯನ್ನು ಅಳಿಸಿ, ಮನೆಯ ಹೋಬಳಿ, ಜಮೀನಿನ ಹೋಬಳಿ ಎಂದು ಎರಡು ಮಾಡಿದ್ದೆ. ನನ್ನ ಸೇವೆಗಳಿಗೆಲ್ಲ ಅದನ್ನು ತಿಳಿಸಿದ್ದೆ, ಪೆಟ್ಟಿಗೆಗೆ ತಿಳಿಸಿರಲಿಲ್ಲ. ಹೊರುವವನು ಚೀಟಿ ಓದುತ್ತಾನೆಂದು ನಾನು ನಂಬಿರಲೇ ಇಲ್ಲ. ಪೆಟ್ಟಿಗೆಗೆ ಹೋಬಳಿ ಕಾಣಲಿಲ್ಲ. ಎಲ್ಲವನ್ನೂ ನಂಜನಗೂಡಿಗೆ ಹಾಕಿತು.

ಮಹದೇವಣ್ಣ ಬೈಯಲಿಲ್ಲ. ಪೆಟ್ಟಿಗೆಗೆ ಜಮೀನಿನ ಹೋಬಳಿಯ ಹೊಸ ಖಾನೆಯನ್ನು ಓದಲು ಹೇಳಿಕೊಟ್ಟರು. ನಾನು ಉಳಿದ ತಲಕಾಡಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕುಳಿತೆ. ಮೂರು ಗಂಟೆಗೆ ಮಳೆ ಹಿಡಿಯಿತು.

ಸಂಜೆ ಜಯಮ್ಮನಿಗೂ ಮಾಡಿದೆ.

“ಮೇಗಲ ಗದ್ದೆ ಕುಯ್ದಾಯ್ತು. ಕೆಳಗಲದು ಮನಿಕ್ಕತ್ತು. ನೀರು ಇಳುದ್ಮೇಲೆ ಆಳು ಕರ್ಕಂಡು ಕುಡ್ಲಲ್ಲಿ ಕುಯ್ಯದು, ಸಿಕ್ಕಿದ್ದು ಸಿಗ್ಲಿ. ಯಾರ್ ತಪ್ಪಂತೆ ತಾಯಿ? ಆ ಡ್ರೈವರ್ ಹೈದ ಯಾವ್ದೋ ಪೆಟ್ಗೆ ಪೆಟ್ಗೆ ಅಂತಿದ್ದ.”

“ನಂದು ಜಯಮ್ಮ.”

“ಬೆಳಗ್ಗೆ ಇಂಗೆ ಮಾತಾಡಿದ್ರೆ ಎಂಟ್ ಗಂಟ್ಗೇ ಮಿಷನ್ ಒರಡ್ತಿತ್ತಲ್ಲವ್ವ,” ಎಂದರು. ಬೈಗುಳದ ದನಿಯಲ್ಲ, ಲೆಕ್ಕ ಒಪ್ಪಿಸಿದ ದನಿ. ಆ ರಾತ್ರಿಯೊಳಗೆ ವ್ಯವಸ್ಥಾಪಕರಿಗೆ ಎರಡನೇ ಮೇಲ್ ಬರೆದೆ. ಮೊದಲನೆಯದಕ್ಕಿಂತ ಚಿಕ್ಕದು, ಲಗತ್ತಿಲ್ಲದ್ದು.

ಮಹದೇವಣ್ಣ ಹೋದ ವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಬಂದಿರುವ ಲತಾ ಇವತ್ತು ಹೊಸ ಪೆಟ್ಟಿಗೆಯ ಕಾಗದಪತ್ರ ಹಿಡಿದು ನನ್ನ ಮೇಜಿಗೆ ಬಂದಳು. ಯಾವ ಸಂದೇಶ ಎಲ್ಲಿಗೆ ಹೋಗಬೇಕೆಂಬ ನಿಯಮಗಳಿಗೆ ಹೊಣೆ ಯಾರು ಎಂದು ಅದರಲ್ಲೊಂದು ಖಾನೆ.

“ಇದು ಸಾಫ್ಟ್‌ವೇರ್‌ನೋರು ಬರೀಬೇಕಾ, ನೆಟ್‌ವರ್ಕ್‌ನೋರಾ ಅಕ್ಕ? ಒಂದೇ ಹೆಸ್ರಿಗೆ ಜಾಗ ಇರೋದು.”

ಖಾನೆಯ ನಡುವೆ ಒಂದು ಗೆರೆ ಎಳೆದೆ. ಎಡಗಡೆ ನನ್ನ ಹೆಸರು ಬರೆದು ಪೆನ್ನನ್ನು ಅವಳ ಕೈಗೆ ಕೊಟ್ಟೆ.