ಮೂರನೆಯ ಅಂಚು

ಭೂಫಲಕಗಳ ಪಾಠ ಬಂತೆಂದರೆ ದಯಾವತಿ ಟೀಚರ್ ನಕಾಶೆಗಿಂತ ಮೊದಲು ಡಬ್ಬಿ ತರುತ್ತಿದ್ದರು. ವಿದ್ಯಾನಗರದ ಆ ಸಾಲೆಯಲ್ಲಿ ಹಿಂದಿನ ಬೆಂಚಿನ ನಾವೂ ಅಂದು ಎಚ್ಚರವಾಗಿರುತ್ತಿದ್ದೆವು. ಪಾಠ ಮುಗಿದರೆ ಡಬ್ಬಿ ನಮಗೇ. ಅದರಲ್ಲಿನ ಖಡಕ್ ರೊಟ್ಟಿ ಕೇಶ್ವಾಪುರದಲ್ಲಿದ್ದ ಅವರ ತಂಗಿ ಫೇಬಿಯ ಕೈಯವು.

"ಭೂಮಿ ಮ್ಯಾಲಿನ ಪದರ ಒಂದ ತುಂಡಲ್ಲ. ಒಳಗಿನ ಕಾವಿಗೆ ಕೆಳಗಿನ ಕಲ್ಲು ನಿಧಾನಕ ಹರೀತೈತಿ, ಮ್ಯಾಲಿನ ಫಲಕ ಸರೀತಾವ" ಎಂದು, ಡಬ್ಬಿಯಲ್ಲಿ ಕಡಲೆಹಿಟ್ಟಿನ ಝುಣಕದ ಮೇಲಿಟ್ಟ ಎರಡು ಚಪಾತಿಗಳನ್ನು ದೂರ ಸರಿಸುವರು. ನಡುವೆ ಝುಣಕ ಕಾಣುವುದು. ಸಮುದ್ರದ ತಳದಲ್ಲಿ ಕಾದ ಕಲ್ಲು ಹೀಗೆ ಮೇಲೆ ಬಂದು ಹೊಸ ನೆಲವಾಗುತ್ತದೆ. ಎರಡನ್ನೂ ಎದುರುಬದುರು ದೂಡಿದರೆ ಮಡಿಕೆ ಏಳುವುದು, ಅದು ಹಿಮಾಲಯ. ಎರಡರಲ್ಲೊಂದು ಸಮುದ್ರದ ಭಾರವಾದ ಫಲಕವಾದರೆ ಅದು ಕೆಳಗೆ ನುಸುಳುವುದು. ಅಲ್ಲಿ ಕಂದಕ, ಜ್ವಾಲಾಮುಖಿ. ಫಲಕಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಸರಿಯುವ ಮೂರನೆಯ ಅಂಚಿಗೆ ಖಡಕ್ ರೊಟ್ಟಿಯೇ ಬೇಕು. ಎರಡರ ಅಂಚು ಒತ್ತಿ ಉಜ್ಜಿದರೆ ಸಿಕ್ಕಿಕೊಂಡು ಕದಲವು, ಆಮೇಲೆ ಒಮ್ಮೆಲೇ ಟಕ್ಕನೆ ಜಿಗಿಯುವವು. ಅದು ಭೂಕಂಪ.

"ಇದಕ್ಕ ಅಂಜಬೇಕ್ ನೋಡ್ರಿ. ಗುಡ್ಡ ಏಳೂದಿಲ್ಲ, ನೆಲ ಹುಟ್ಟೂದಿಲ್ಲ. ಸುಮ್ಮನ ಐತಿ ಅನಸ್ತೈತಿ, ಒಳಗ ಒತ್ತಡ ಕೂಡಾಕತ್ತಿರತೈತಿ."

ಮುಂದೆ ನಾನು ಅದೇ ಸಾಲೆಗೆ ಶಿಕ್ಷಕನಾಗಿ ಬಂದೆ. ಆ ವರ್ಷವೇ ಅವರ ತಾಯಿ ತೀರಿಕೊಂಡರು. ಟೀಚರ್ ಉತ್ತರಪತ್ರಿಕೆ ತಿದ್ದಲು ದೂರದ ಊರಿಗೆ ಹೋಗಿದ್ದರು. ಬೇಸಿಗೆ, ದೇಹ ತಡೆಯುವುದಿಲ್ಲವೆಂದು ಫೇಬಿ ಸಂಜೆಗೇ ಮಣ್ಣು ಮಾಡಿಸಿದರು. "ಅವ್ವನ ಮಾರಿ ಸೈತ ತೋರಸ್ಲಿಲ್ಲ ನೀ" ಎಂದರು ಟೀಚರ್. ಅಕ್ಕತಂಗಿಯರ ಮಾತು ಅಲ್ಲಿಗೇ ನಿಂತಿತು.

ಇಬ್ಬರೂ ನಮ್ಮ ಚರ್ಚಿಗೇ ಬರುವವರು. ಬಾಗಿಲಲ್ಲಿ ಸೆರಗಿಗೆ ಸೆರಗು ತಾಗಿದರೂ ತಲೆ ಎತ್ತುತ್ತಿರಲಿಲ್ಲ. ಮನಸ್ತಾಪ ಇಟ್ಟುಕೊಂಡವರು ಕರ್ತನ ಭೋಜನಕ್ಕೆ ಹೋಗಬಾರದೆಂಬುದು ನಮ್ಮಲ್ಲಿ ಹಳೆಯ ರೂಢಿ. ಎಲ್ಲರೂ ಎದ್ದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದೆ ಹೋದರೆ, ಆ ಬದಿಯ ಬೆಂಚಿನಲ್ಲಿ ತಂಗಿ, ಈ ಬದಿಯಲ್ಲಿ ಅಕ್ಕ ಕೂತೇ ಇರುವರು. ಅವರ ಪ್ರಾಮಾಣಿಕತನಕ್ಕಿಷ್ಟು ಬೆಂಕಿ ಹಾಕ! ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡು ನಗುನಗುತ್ತ ಹೋಗುವವರು ನಮ್ಮಲ್ಲಿ ಕಡಿಮೆಯೇ?

ಪಾಠಕ್ಕೆ ಅಂಗಡಿಯ ರೊಟ್ಟಿ ಬಂತು. ಉಜ್ಜುವ ಮೊದಲೇ ಪುಡಿಯಾಗುತ್ತಿತ್ತು.

"ಫೇಬಿ ರೊಟ್ಟಿನ ಬೇಕು" ಎಂದರು ಒಮ್ಮೆ, ಕಣ್ಣು ತುಂಬಿಕೊಂಡು.

"ಹಂಗಾರ ಹೋಗಿ ಮಾತಾಡ್ರಲಾ" ಎಂದು ನಾನು ರೇಗಿದೆ.

"ಆಡತೇನಿ. ಕ್ರಿಸ್‌ಮಸ್ ಬರ್ಲಿ."

ಕ್ರಿಸ್‌ಮಸ್ಸಿಗೆ ಇನ್ನೂ ಕೆಲವು ದಿನಗಳಿರುವಾಗ ಫೇಬಿ ಅಡುಗೆಮನೆಯಲ್ಲೇ ಕುಸಿದರು. ಹೃದಯ ನಿಂತಿತ್ತು. ಮಗ ಆಶೀಷ್ ಸಾಲೆಗೇ ಓಡಿ ಬಂದ. "ದೊಡ್ಡವ್ವ, ಲಗೂ ಬರ್ರಿ. ನೀವು ನೋಡೂತನಕ ತನ್ನ ಮಣ್ಣು ಮಾಡಬ್ಯಾಡ್ರಿ ಅಂತ ಅವ್ವ ಎಂದೋ ಹೇಳಿಟ್ಟಿದ್ಲು."

ಟೀಚರ್ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮುಂದಿನ ಭೋಜನದ ಭಾನುವಾರ ಎಲ್ಲರೂ ಎದ್ದರು. ಆ ಬದಿಯ ಬೆಂಚು ಖಾಲಿ. ಟೀಚರ್ ಮಾತ್ರ ಏಳಲಿಲ್ಲ.

"ಬರ್ರಿ ಟೀಚರ್, ಇನ್ನೇನ್ ಅಡ್ಡಿ ಐತ್ರಿ?" ಎಂದೆ.

"ರಾಜಿ ಎಲ್ಲಿ ಆತಪಾ?" ಎಂದರು. "ಆಕಿ ತನ್ನ ಪಾಲಿಂದಷ್ಟ ಮಾಡ್ಕೊಂಡು ಹ್ವಾದ್ಲು. ನಂದು ಹಂಗ ಉಳೀತು."